ಧೂಮಕೇತುಗಳ ಪಥ ಮತ್ತು ನೆಲೆ

ಗ್ರಹಗಳ ಉದಯಾಸ್ತಗಳನ್ನೂ ಸೂರ್ಯಚಂದ್ರರ ಗ್ರಹಣಗಳನ್ನೂ ನಮ್ಮ ಜ್ಯೋತಿಷಿಗಳು ಬಹು ಪ್ರಾಚೀನ ಕಾಲದಿಂದಲೇ ಗಣಿತಮಾಡಿ ಮುಂದಾಗಿ ಹೇಳುತ್ತ ಬಂದಿದ್ದಾರೆ. ಆಕಾಶದ ಜ್ಯೋತಿಗಳಲ್ಲಿ ಒಂದು ಮಾತ್ರ ಅವರ ಗಣಿತಕ್ಕೆ ಸಿಕ್ಕದೆ ಉಳಿಯಿತು. ಅದೇ ಧೂಮಕೇತು, ಆಡುಮಾತಿನಲ್ಲಿ ಬಾಲಚುಕ್ಕಿ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಕೇತುಚಾರವೆಂಬ ಅಧ್ಯಾಯವೊಂದನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದಾನೆ. ಕೇತುಗಳು ಯಾವಾಗ ಕಾಣಿಸಿಕೊಳ್ಳುವುವು, ಯಾವಾಗ ಅಸ್ತವಾಗುವುವು ಎಂಬುದನ್ನು ಗಣಿತವಿಧಿಯಿಂದ ತಿಳಿಯುವುದು ಶಕ್ಯವಲ್ಲವೆಂದು ಆ ಅಧ್ಯಾಯದ ಆರಂಭದಲ್ಲಿಯೇ ಅವನು ಒಪ್ಪಿಕೊಳ್ಳುತ್ತಾನೆ. ಗ್ರಹಣವು ನೆರಳಿನಿಂದ ಆಗುವುದೇ ಹೊರತು ರಾಹುವಿನ ಬಾಯಿಂದಲ್ಲವೆಂದು ಅದೇ ಗ್ರಂಥದಲ್ಲಿ ಧೈರ್ಯವಾಗಿ ಬರೆದ ಪಂಡಿತನ ಮಾತಿದು. ತನ್ನ ಶಾಸ್ತ್ರದ ಎಲ್ಲೆ ಎಲ್ಲಿದೆಯೆಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು.

ಲೆಕ್ಕಕ್ಕೆ ಸಿಕ್ಕದ ವಸ್ತುವಿನ ವಿಷಯದಲ್ಲಿ ಭಯ ಹುಟ್ಟುವುದು ಸಹಜ. ರಾಜನ ಮರಣ, ಕ್ಷಾಮ, ಯುದ್ಧ, ಮಾರಿ ಮೊದಲಾದ ಅನಿಷ್ಟಗಳನ್ನೆಲ್ಲ ಧೂಮಕೇತುವಿನ ಬಾಲಕ್ಕೆ ಕಟ್ಟುವ ವಾಡಿಕೆ ನಮ್ಮ ದೇಶದಲ್ಲಿ ಮಾತ್ರವಲ್ಲ, ಚೀನ ದೇಶದಲ್ಲಿಯೂ ಯೂರೋಪಿನಲ್ಲಿಯೂ ಇತ್ತು. ಆ ಭಯವು ಉಪದೇಶದಿಂದ ಹೋಗಲಿಲ್ಲ. ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕುತ್ತ ಬಂದಹಾಗೆಲ್ಲ ಹೋಯಿತು. ಬಂದ ಧೂಮಕೇತು ಮತ್ತೆ ಬರುವುದೇ ಎಂಬುದು ಮೊದಲನೆಯ ಪ್ರಶ್ನೆ. ಅದು ಎಲ್ಲಿಂದ ಬಂದಿತು ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರವು ಒಂದೇ ಕಡೆಯಲ್ಲಿದೆ. ಅದು ಧೂಮಕೇತು ನಡೆಯುವ ಪಥದ ಆಕಾರದಲ್ಲಿ. ಆ ಆಕಾರವನ್ನು ಓದಲು ಮನುಷ್ಯನು ಹೇಗೆ ಕಲಿತನೆಂಬುದೇ ಈ ಭಾಷಣದ ವಿಷಯ.

ಪಥವೆಂಬ ಮಾತು ಬರಬೇಕಾದರೆ ಮೊದಲು ಧೂಮಕೇತುವು ಆಕಾಶದ ವಸ್ತುವೆಂಬುದು ಸಿದ್ಧವಾಗಬೇಕು. ಗ್ರೀಸಿನ ಅರಿಸ್ಟಾಟಲನು ಅದನ್ನು ವಾಯುಮಂಡಲದಲ್ಲಿ ಹೊತ್ತಿಕೊಂಡು ಉರಿಯುವ ಒಣ ಹಬೆಯೆಂದು ಹೇಳಿದ್ದನು. ರೋಮಿನ ಸೆನೆಕನು ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಇದನ್ನು ಒಪ್ಪದೆ, ಧೂಮಕೇತುಗಳಿಗೂ ನಿಯತವಾದ ದಾರಿಗಳುಂಟು, ಮುಂದಿನವರು ಅವನ್ನು ಕಂಡುಹಿಡಿಯುವರು ಎಂದು ಬರೆದನು. ಆದರೂ ಅರಿಸ್ಟಾಟಲನ ಮಾತೇ ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚುಕಾಲ ನಡೆಯಿತು. ಅದನ್ನು ತಡೆದದ್ದು 1577ರ ದೊಡ್ಡ ಧೂಮಕೇತು. ಡೆನ್ಮಾರ್ಕಿನ ಟೈಕೋ ಬ್ರಾಹೆ ಅದನ್ನು ತನ್ನ ವೇಧಶಾಲೆಯಿಂದ ಎಚ್ಚರವಾಗಿ ಅಳೆದನು. ಹತ್ತಿರದ ವಸ್ತುವನ್ನು ಎರಡು ಬೇರೆ ಸ್ಥಳಗಳಿಂದ ನೋಡಿದರೆ ಅದು ಹಿನ್ನೆಲೆಯ ನಕ್ಷತ್ರಗಳ ನಡುವೆ ಪಕ್ಕಕ್ಕೆ ಸರಿದಂತೆ ತೋರುತ್ತದೆ; ದೂರದ ವಸ್ತು ಅಷ್ಟು ಸರಿಯುವುದಿಲ್ಲ. ಆ ಧೂಮಕೇತು ಚಂದ್ರನಷ್ಟೂ ಸರಿಯಲಿಲ್ಲ. ಆದಕಾರಣ ಅದು ಚಂದ್ರನಿಗಿಂತ ಬಹಳ ಆಚೆಗಿದೆಯೆಂದು ಟೈಕೋ ನಿರ್ಣಯಿಸಿದನು. ಹಬೆಯ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಪಥದ ಆಕಾರ. ಗ್ರಹಗಳು ಸೂರ್ಯನನ್ನು ದೀರ್ಘವೃತ್ತಗಳಲ್ಲಿ ಸುತ್ತುತ್ತವೆಂದು 1609ರಲ್ಲಿ ತೋರಿಸಿಕೊಟ್ಟ ಕೆಪ್ಲರನೇ ಧೂಮಕೇತುಗಳು ಸರಳರೇಖೆಯಲ್ಲಿ ಹೋಗುತ್ತವೆಂದು ಭಾವಿಸಿದ್ದನು. ಒಮ್ಮೆ ಹೋದದ್ದು ಮರಳಿ ಬಾರದಿದ್ದರೆ ಹಾಗೆನ್ನದೆ ಮತ್ತೇನೆನ್ನಬೇಕು? 1680ರ ನವೆಂಬರಿನಲ್ಲಿ ಜರ್ಮನಿಯ ಕಿರ್ಖ್ ಎಂಬವನು ದೂರದರ್ಶಕದ ಮೂಲಕ ಒಂದು ಧೂಮಕೇತುವನ್ನು ಕಂಡನು. ದೂರದರ್ಶಕದಿಂದ ಕಂಡುಹಿಡಿದ ಧೂಮಕೇತುಗಳಲ್ಲಿ ಅದೇ ಮೊದಲನೆಯದು. ಅದು ಬೆಳಗಿನ ಜಾವದಲ್ಲಿ ಸೂರ್ಯನ ಕಡೆಗೆ ಧಾವಿಸಿ ಮರೆಯಾಯಿತು. ಡಿಸೆಂಬರಿನಲ್ಲಿ ಉದ್ದವಾದ ಬಾಲದೊಡನೆ ಸಂಜೆಯ ಆಕಾಶದಲ್ಲಿ ಮತ್ತೊಂದು ಕಾಣಿಸಿತು. ಇವೆರಡೂ ಒಂದೇ, ಸೂರ್ಯನ ಬಳಿ ಅದು ತಿರುಗಿಕೊಂಡು ಬಂದಿದೆಯೆಂದು ಇಂಗ್ಲೆಂಡಿನ ಫ್ಲಾಮ್‌ಸ್ಟೀಡ್ ವಾದಿಸಿದನು. ನ್ಯೂಟನನು ಮೊದಲು ಒಪ್ಪಲಿಲ್ಲ. ಆಮೇಲೆ ತನ್ನ ಗುರುತ್ವಾಕರ್ಷಣದ ನಿಯಮವನ್ನೇ ಆ ಧೂಮಕೇತುವಿಗೂ ಅನ್ವಯಿಸಿ, ಸೂರ್ಯನ ಸುತ್ತ ಬಾಗಿದ ಅದರ ದಾರಿಯನ್ನು 1687ರ ತನ್ನ ಮಹಾಗ್ರಂಥದಲ್ಲಿ ಬಿಡಿಸಿ ತೋರಿಸಿದನು.

ಇಲ್ಲಿ ಸ್ವಲ್ಪ ನಿಂತು ಆ ನಿಯಮದ ಫಲವನ್ನು ತಿಳಿದುಕೊಳ್ಳಬೇಕು. ಸೂರ್ಯನ ಆಕರ್ಷಣೆಗೆ ಒಳಪಟ್ಟು ಚಲಿಸುವ ವಸ್ತುವಿನ ಪಥ ಅದರ ವೇಗವನ್ನು ಅನುಸರಿಸಿರುತ್ತದೆ. ಭೂಮಿಯು ಸೂರ್ಯನಿಂದ ಸುಮಾರು 9 ಕೋಟಿ 30 ಲಕ್ಷ ಮೈಲಿ ದೂರದಲ್ಲಿದ್ದು ಸೆಕೆಂಡಿಗೆ ಹದಿನೆಂಟೂವರೆ ಮೈಲಿಯಂತೆ ಓಡುತ್ತಿದೆ. ಈ ದೂರಕ್ಕೆ ಒಂದು ಖಗೋಳಮಾನವೆಂದು ಹೆಸರು. ಇಷ್ಟೇ ದೂರದಲ್ಲಿ ಒಂದು ವಸ್ತು ಸೆಕೆಂಡಿಗೆ 26 ಮೈಲಿಗಿಂತ ಕಡಮೆ ವೇಗದಿಂದ ಹೋಗುತ್ತಿದ್ದರೆ ಅದರ ಪಥ ದೀರ್ಘವೃತ್ತ. ಅದು ಸೂರ್ಯನಿಗೆ ಕಟ್ಟುಬಿದ್ದ ವಸ್ತು, ಎಂದಾದರೊಂದು ದಿನ ಮರಳಿ ಬರಲೇಬೇಕು. ವೇಗವು ಸರಿಯಾಗಿ ಆ ಮೇರೆಯಲ್ಲಿದ್ದರೆ ಪಥವು ಪರವಲಯ, ಮೀರಿದರೆ ಅತಿಪರವಲಯ. ಈ ಎರಡು ಪಥಗಳಲ್ಲಿ ಹೋದದ್ದು ತಿರುಗಿ ಬರುವುದಿಲ್ಲ. ಪಥವು ವೃತ್ತದಿಂದ ಎಷ್ಟು ದೂರ ಸರಿದಿದೆಯೆಂಬುದನ್ನು ಉತ್ಕೇಂದ್ರತೆಯೆಂಬ ಒಂದು ಸಂಖ್ಯೆಯಿಂದ ಹೇಳುತ್ತಾರೆ. ವೃತ್ತಕ್ಕೆ ಅದು ಸೊನ್ನೆ, ದೀರ್ಘವೃತ್ತಕ್ಕೆ ಒಂದಕ್ಕಿಂತ ಕಡಮೆ, ಪರವಲಯಕ್ಕೆ ಒಂದು, ಅತಿಪರವಲಯಕ್ಕೆ ಒಂದಕ್ಕಿಂತ ಹೆಚ್ಚು. ಕಷ್ಟವೇನೆಂದರೆ, ಬಹು ಉದ್ದವಾದ ದೀರ್ಘವೃತ್ತಕ್ಕೂ ಪರವಲಯಕ್ಕೂ ಸೂರ್ಯನ ಸಮೀಪದಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸವೇ ಇಲ್ಲ. ನಮಗೆ ಧೂಮಕೇತು ಕಾಣಿಸುವುದೋ ಆ ಸಮೀಪದಲ್ಲಿ ಮಾತ್ರ. ಮರಳಿ ಬರುವ ವಸ್ತುವಿಗೂ ಬಾರದ ವಸ್ತುವಿಗೂ ಇರುವ ಭೇದವೆಲ್ಲ ಒಂದು ಸಣ್ಣ ದಶಮಾಂಶದಲ್ಲಿ ಅಡಗಿಕೊಂಡಿರುತ್ತದೆ.

ಈ ತೊಡಕನ್ನು ಬಿಡಿಸಲು ಎಡ್ಮಂಡ್ ಹ್ಯಾಲಿ ಹಿಡಿದ ಉಪಾಯವು ಚರಿತ್ರಕಾರನದು. ಒಂದೇ ಧೂಮಕೇತುವನ್ನು ನೋಡುತ್ತ ಕೂರುವುದಕ್ಕೆ ಬದಲಾಗಿ ಅವನು ಹಳೆಯ ದಾಖಲೆಗಳನ್ನು ಹುಡುಕಿ ಇಪ್ಪತ್ತನಾಲ್ಕು ಧೂಮಕೇತುಗಳ ಪಥಗಳನ್ನು ಗಣಿಸಿ 1705ರಲ್ಲಿ ಪ್ರಕಟಿಸಿದನು. ಅವುಗಳಲ್ಲಿ 1531, 1607, 1682 ಈ ಮೂರು ವರ್ಷಗಳವು ಹೆಚ್ಚುಕಡಮೆ ಒಂದೇ ದಾರಿಯಲ್ಲಿ, ಗ್ರಹಗಳ ನಡೆಗೆ ವಿರುದ್ಧವಾಗಿ ಬಂದಿದ್ದುವು. ಮೂರೂ ಒಂದೇ ಧೂಮಕೇತುವಿನ ಮೂರು ಬರವುಗಳೆಂದು ಹ್ಯಾಲಿ ಊಹಿಸಿದನು. ಆದರೆ ಮೊದಲನೆಯ ಅಂತರ 76 ವರ್ಷಕ್ಕೆ ಸ್ವಲ್ಪ ಹೆಚ್ಚು, ಎರಡನೆಯದು 75 ವರ್ಷಕ್ಕೆ ಸ್ವಲ್ಪ ಕಡಮೆ. ಒಂದೇ ವಸ್ತುವಾದರೆ ಕಾಲದಲ್ಲಿ ಇಷ್ಟು ಭೇದವೇಕೆ? ದಾರಿಯಲ್ಲಿ ಗುರುಗ್ರಹವು ಅದನ್ನು ಎಳೆದು ಹಿಂದುಮುಂದು ಮಾಡುತ್ತದೆಂದು ಅವನು ಸಮಾಧಾನ ಹೇಳಿ, ಮುಂದಿನ ಬರವು 1758ರ ಸುಮಾರಿಗೆ ಎಂದು ಸೂಚಿಸಿದನು. ಆಗ ಅವನಿಗೆ ನಲವತ್ತೊಂಬತ್ತು ವರ್ಷ. ಅದನ್ನು ಕಣ್ಣಾರೆ ಕಾಣಬೇಕಾದರೆ ನೂರು ದಾಟಿ ಬದುಕಬೇಕಾಗಿತ್ತು. ಎಂಬತ್ತೈದು ವರ್ಷ ಬದುಕಿದ್ದು, 1742ರಲ್ಲಿ ಅವನು ತೀರಿಕೊಂಡನು.

ಗಡುವು ಹತ್ತಿರ ಬಂದಾಗ ಪಣಕ್ಕೆ ನಿಂತದ್ದು ಹ್ಯಾಲಿಯ ಹೆಸರೊಂದೇ ಅಲ್ಲ. ನ್ಯೂಟನನ ನಿಯಮವು ಗ್ರಹಗಳಿಂದಾಚೆಗೂ ಸಲ್ಲುವುದೇ ಎಂಬ ಪ್ರಶ್ನೆಯೇ ನಿಂತಿತ್ತು. ಪ್ಯಾರಿಸಿನಲ್ಲಿ ಕ್ಲೇರೋ ಎಂಬ ಗಣಿತಜ್ಞನೂ, ಲಲಾಂದನೂ, ನಿಕೋಲ್ ರೇನ್ ಲಪೋತ್ ಎಂಬ ವಿದುಷಿಯೂ ಸೇರಿ ಗುರು ಶನಿಗಳ ಎಳೆತವನ್ನು ಹೆಜ್ಜೆಹೆಜ್ಜೆಗೂ ಲೆಕ್ಕಹಾಕತೊಡಗಿದರು. ಆರು ತಿಂಗಳ ಕಾಲ ಬೆಳಗಿನಿಂದ ರಾತ್ರಿಯವರೆಗೆ, ಕೆಲವು ವೇಳೆ ಊಟಕ್ಕೆ ಕುಳಿತಾಗಲೂ, ಲೆಕ್ಕ ನಡೆಯಿತೆಂದು ಲಲಾಂದನು ಬರೆದಿದ್ದಾನೆ. ಗುರುವಿನಿಂದ 518 ದಿನ, ಶನಿಯಿಂದ 100 ದಿನ ತಡವಾಗಿ, 1759ರ ಏಪ್ರಿಲ್ ಮಧ್ಯದಲ್ಲಿ ಧೂಮಕೇತು ಸೂರ್ಯನಿಗೆ ಅತಿ ಸಮೀಪವಾಗುವುದು. ಒಂದು ತಿಂಗಳಷ್ಟು ಹೆಚ್ಚುಕಡಮೆಯಾಗಬಹುದು ಎಂದು 1758ರ ನವೆಂಬರಿನಲ್ಲಿ ಸಾರಿದರು. ಆ ವರ್ಷದ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಡ್ರೆಸ್ಡೆನ್ ಬಳಿಯ ಪಾಲಿಚ್ ಎಂಬ ರೈತನು, ವಿದ್ವಾಂಸರಿಗಿಂತ ಮುಂಚೆ, ಧೂಮಕೇತುವನ್ನು ಕಂಡನು. ಅದು ಸೂರ್ಯನ ಸಮೀಪಕ್ಕೆ ಬಂದದ್ದು 1759ರ ಮಾರ್ಚ್ 13ರಂದು. ವರಾಹಮಿಹಿರನು ಶಕ್ಯವಲ್ಲವೆಂದ ಗಣಿತ ಒಂದು ಕೇತುವಿನ ವಿಷಯದಲ್ಲಿ ಸಾಧ್ಯವಾಯಿತು. ಆ ಧೂಮಕೇತುವಿಗೆ ಹ್ಯಾಲಿಯ ಹೆಸರೇ ನಿಂತಿತು. ಕ್ರಿ.ಪೂ. 240ರ ಚೀನೀ ದಾಖಲೆಯಲ್ಲಿರುವುದೂ ಅದೇ ಎಂದು ಆಮೇಲೆ ಗೊತ್ತಾಗಿದೆ.

ಆದರೆ ಹ್ಯಾಲಿಯ ಗೆಲುವು ಎಲ್ಲ ಧೂಮಕೇತುಗಳಿಗೂ ಬೀಗದ ಕೈಯಾಗಲಿಲ್ಲ. 1680ರ ಧೂಮಕೇತುವಿಗೆ ಅವನು 575 ವರ್ಷಗಳ ಅವಧಿಯನ್ನು ಹೇಳಿದ್ದನು. ಅದು ನಿಲ್ಲಲಿಲ್ಲ, ಅದರ ಅವಧಿ ಸುಮಾರು ಹತ್ತು ಸಾವಿರ ವರ್ಷವೆಂದು ಈಗಿನ ಲೆಕ್ಕ. 1770ರಲ್ಲಿ ಇನ್ನೂ ವಿಚಿತ್ರವಾದ ಸಂಗತಿಯೊಂದು ನಡೆಯಿತು. ಆ ವರ್ಷ ಮೆಸಿಯೆ ಕಂಡುಹಿಡಿದ ಧೂಮಕೇತು ಭೂಮಿಗೆ ಹದಿನಾಲ್ಕು ಲಕ್ಷ ಮೈಲಿಗಳಷ್ಟು, ಎಂದರೆ ಚಂದ್ರನ ದೂರದ ಆರು ಮಡಿಯಷ್ಟು, ಹತ್ತಿರದಲ್ಲಿ ಹಾದುಹೋಯಿತು. ಅದು ಐದೂವರೆ ವರ್ಷಕ್ಕೊಮ್ಮೆ ಸುತ್ತುತ್ತದೆಂದು ಲೆಕ್ಸೆಲ್ ಎಂಬವನು ಗಣಿಸಿದನು. ಹಾಗಿದ್ದರೆ ಹಿಂದೆ ಯಾರೂ ಅದನ್ನು ಏಕೆ ಕಾಣಲಿಲ್ಲ? 1767ರಲ್ಲಿ ಅದು ಗುರುವಿನ ಬಳಿ ಹಾದು, ಆ ಮಹಾಗ್ರಹದ ಸೆಳೆತದಿಂದ ಹೊಸ ದಾರಿಗೆ ಬಿದ್ದಿತ್ತು. 1779ರಲ್ಲಿ ಮತ್ತೆ ಗುರುವಿನ ಬಳಿಗೆ ಹೋಯಿತು. ಈ ಸಲ ಗುರುವು ಅದನ್ನು ದೂರಕ್ಕೆ ಎಸೆದುಬಿಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಅದು ಕಾಣಿಸಿಲ್ಲ. ಈಗ ಕಾಣುವ ಪಥವು ವಸ್ತುವಿನ ಹುಟ್ಟುಪಥವಲ್ಲದಿರಬಹುದು, ನಡುವೆ ಯಾರೋ ಕೈಹಾಕಿರಬಹುದು ಎಂಬ ಎಚ್ಚರವನ್ನು ಲೆಕ್ಸೆಲನ ಧೂಮಕೇತು ಕಲಿಸಿತು.

ಮುಂದೆ 1819ರಲ್ಲಿ ಜರ್ಮನಿಯ ಎಂಕೆ, ಹಿಂದಿನ ವರ್ಷ ಕಂಡ ಒಂದು ಮಂದವಾದ ಧೂಮಕೇತುವೂ 1786, 1795, 1805ರಲ್ಲಿ ಕಂಡವೂ ಒಂದೇ ಎಂದು ತೋರಿಸಿದನು. ಅದರ ಅವಧಿ ಮೂರು ವರ್ಷ ನಾಲ್ಕು ತಿಂಗಳು ಮಾತ್ರ. ಅವನು ಹೇಳಿದಂತೆ 1822ರಲ್ಲಿ ಅದು ಮರಳಿದಾಗ ಆಸ್ಟ್ರೇಲಿಯದಲ್ಲಿ ಕಾಣಸಿಕ್ಕಿತು. ಹೀಗೆ ಪಥಗಳ ಪಟ್ಟಿ ಬೆಳೆದಂತೆ ಧೂಮಕೇತುಗಳಲ್ಲಿ ಕುಲಗಳಿರುವುದು ಸ್ಪಷ್ಟವಾಯಿತು. ಇಪ್ಪತ್ತು ವರ್ಷಗಳೊಳಗೆ ಸುತ್ತುವುವು ಒಂದು ಕುಲ. ಇವು ಪ್ರಾಯಶಃ ಗ್ರಹಗಳ ದಿಕ್ಕಿನಲ್ಲಿಯೇ, ಗ್ರಹಗಳು ಸುತ್ತುವ ಸಮತಲಕ್ಕೆ ಹೆಚ್ಚು ಓರೆಯಾಗದೆ ಚಲಿಸುತ್ತವೆ. ಇವುಗಳ ದಾರಿಯ ಹೊರತುದಿ ಹೆಚ್ಚಾಗಿ ಗುರುವಿನ ಪಥದ ಸಮೀಪಕ್ಕೆ ಬರುವುದರಿಂದ ಗುರುವಿನ ಪರಿವಾರವೆಂದು ಕರೆಯುತ್ತಾರೆ. ಇಪ್ಪತ್ತರಿಂದ ಇನ್ನೂರು ವರ್ಷಗಳ ಅವಧಿಯವು ಹ್ಯಾಲಿಯ ಕುಲ. ಇನ್ನೂರು ವರ್ಷಕ್ಕೆ ಮೇಲ್ಪಟ್ಟವು ದೀರ್ಘಾವಧಿಯವು. ಇವು ಯಾವ ಸಮತಲವನ್ನೂ ಲಕ್ಷಿಸದೆ ಮೇಲಿನಿಂದ, ಕೆಳಗಿನಿಂದ, ಎದುರಿನಿಂದ, ಎಲ್ಲ ದಿಕ್ಕುಗಳಿಂದಲೂ ಬರುತ್ತವೆ. ಒಂದು ತಟ್ಟೆಯಂತೆ ಹರಡಿರುವ ಗ್ರಹಮಂಡಲದಲ್ಲಿ ಹೀಗೆ ಸುತ್ತಲಿಂದಲೂ ಬರುವ ಈ ವಸ್ತುಗಳ ಮನೆ ಎಲ್ಲಿ?

ಅವು ನಕ್ಷತ್ರಗಳ ನಡುವಣ ಅಂತರಾಳದಲ್ಲಿ ಅಲೆಯುತ್ತ ಸೂರ್ಯನ ಸೆಳೆತಕ್ಕೆ ಸಿಕ್ಕಿದ ಪರದೇಶಿಗಳೆಂದು ಫ್ರಾನ್ಸಿನ ಲಾಪ್ಲಾಸನು ಹೇಳಿದ್ದನು. ಕೆಲವು ಧೂಮಕೇತುಗಳ ಉತ್ಕೇಂದ್ರತೆ ಒಂದಕ್ಕಿಂತ ಕೊಂಚ ಹೆಚ್ಚಾಗಿ ಕಂಡದ್ದು ಈ ಮಾತಿಗೆ ಬಲ ಕೊಟ್ಟಿತು. ಆದರೆ ಹೊರಗಿನಿಂದ ಬಂದವಾದರೆ ಉತ್ಕೇಂದ್ರತೆ ಒಂದಕ್ಕಿಂತ ಬಹಳ ಹೆಚ್ಚಾಗಿರಬೇಕಿತ್ತು. ಎಲ್ಲವೂ ಒಂದರ ಅಂಚಿನಲ್ಲಿಯೇ ನಿಂತದ್ದೇಕೆ? 1914ರಲ್ಲಿ ಸ್ಟ್ರೋಮ್‌ಗ್ರೆನ್ ಎಂಬ ವಿದ್ವಾಂಸನು ಅಂಥ ಧೂಮಕೇತುಗಳ ದಾರಿಯನ್ನು ಹಿಂದುಹಿಂದಕ್ಕೆ ಗಣಿಸಿ, ಗ್ರಹಗಳ ಎಳೆತವನ್ನು ಕಳೆದು ನೋಡಿದನು. ಗ್ರಹಮಂಡಲದೊಳಗೆ ಕಾಲಿಡುವ ಮೊದಲು ಅವುಗಳ ಪಥಗಳು ಬಹು ಉದ್ದವಾದ ದೀರ್ಘವೃತ್ತಗಳೇ ಆಗಿದ್ದುವು. ಹೆಚ್ಚಿನ ದಶಮಾಂಶವನ್ನು ಸೇರಿಸಿದ್ದು ಗುರು ಮೊದಲಾದ ಗ್ರಹಗಳು. ಎಂದಮೇಲೆ ಅವು ಪರದೇಶಿಗಳಲ್ಲ, ಸೂರ್ಯನ ಮನೆಯವೇ.

ಇನ್ನೊಂದು ವಿಚಾರವೂ ಇದೆ. 1826ರಲ್ಲಿ ಗುರುತಿಸಿದ ಬಿಯೇಲನ ಧೂಮಕೇತು ಆರೂವರೆ ವರ್ಷಕ್ಕೊಮ್ಮೆ ಬರುತ್ತಿದ್ದಿತು. 1846ರಲ್ಲಿ ಅದು ಜನರ ಕಣ್ಣೆದುರಿಗೇ ಎರಡಾಯಿತು. 1852ರಲ್ಲಿ ಎರಡೂ ಬಂದುವು. ಆಮೇಲೆ ಯಾವುದೂ ಬರಲಿಲ್ಲ. 1872ರ ನವೆಂಬರ್ 27ರಂದು ಭೂಮಿಯು ಅದರ ದಾರಿಯನ್ನು ದಾಟಿದಾಗ ಉಲ್ಕೆಗಳ ಮಳೆ ಸುರಿಯಿತು. ಧೂಮಕೇತುವಿನ ತಿರುಳು ನೀರಿನ ಮಂಜುಗಡ್ಡೆ, ಹೆಪ್ಪುಗಟ್ಟಿದ ಅನಿಲ, ಧೂಳು ಇವುಗಳ ಮುದ್ದೆಯೆಂದು 1950ರಲ್ಲಿ ಅಮೆರಿಕದ ವಿಪ್ಪಲ್ ವಿವರಿಸಿದನು. 1986ರಲ್ಲಿ ಹ್ಯಾಲಿಯ ಧೂಮಕೇತುವನ್ನು 370 ಮೈಲಿ ಹತ್ತಿರದಿಂದ ನೋಡಿದ ಜಿಯೊಟ್ಟೊ ನೌಕೆಗೆ ಸುಮಾರು ಒಂಬತ್ತು ಮೈಲಿ ಉದ್ದದ, ಇದ್ದಲಿಗಿಂತಲೂ ಕಪ್ಪಾದ ಅಂಥ ತಿರುಳೇ ಕಾಣಿಸಿತು. ಸೂರ್ಯನ ಬಳಿಗೆ ಬಂದಾಗಲೆಲ್ಲ ಈ ಮುದ್ದೆ ಕರಗಿ ಬಾಲವಾಗಿ ಹೋಗುತ್ತದೆ. ಹೀಗೆ ಸವೆಯುವ ವಸ್ತುಗಳು ಸೂರ್ಯನು ಹುಟ್ಟಿ 460 ಕೋಟಿ ವರ್ಷಗಳಾದಮೇಲೂ ಬರುತ್ತಲೇ ಇರಬೇಕಾದರೆ, ಹೊಸವನ್ನು ಕಳುಹಿಸುತ್ತಿರುವ ಕಣಜವೊಂದು ಎಲ್ಲಿಯೋ ಇರಬೇಕಷ್ಟೆ.

ಆ ಕಣಜದ ಸ್ಥಾನವನ್ನು 1950ರಲ್ಲಿ ಹಾಲೆಂಡಿನ ಯಾನ್ ಊರ್ಟ್ ತೋರಿಸಿಕೊಟ್ಟನು. ಅದಕ್ಕೆ ಹಿಂದಿನ ವರ್ಷವೇ ವೇಣು ಬಾಪು, ಆಗ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದು, ದೀರ್ಘಾವಧಿಯ ಒಂದು ಹೊಸ ಧೂಮಕೇತುವನ್ನು ಕಂಡುಹಿಡಿದಿದ್ದರು. ಬೆಂಗಳೂರಿನ ಖಭೌತ ಸಂಸ್ಥೆಯನ್ನು ಮುಂದೆ ಕಟ್ಟಿದವರೂ ಅವರೇ. ಊರ್ಟನು ಹೊಸದನ್ನು ಹುಡುಕಲಿಲ್ಲ. ಪಥವು ನಿಖರವಾಗಿ ಗೊತ್ತಿದ್ದ ಹತ್ತೊಂಬತ್ತು ಧೂಮಕೇತುಗಳನ್ನು ಮಾತ್ರ ಆರಿಸಿಕೊಂಡು, ಗ್ರಹಗಳ ಎಳೆತವನ್ನು ಕಳೆದ ಅವುಗಳ ಮೂಲಪಥಗಳನ್ನು ಹೋಲಿಸಿದನು. ಬಹುಪಾಲು ಧೂಮಕೇತುಗಳು ಒಂದೇ ಬಗೆಯ ಮಹಾದೂರದಿಂದ ಹೊರಟಿದ್ದುವು. ಆ ದೂರ 50,000ದಿಂದ 1,50,000 ಖಗೋಳಮಾನವೆಂದು ಅವನ ಲೆಕ್ಕ. ಈಚಿನ ಲೆಕ್ಕಗಳು ಅದನ್ನು ಸ್ವಲ್ಪ ತಗ್ಗಿಸಿವೆ. 50,000 ಖಗೋಳಮಾನದಿಂದ ಬರುವ ಧೂಮಕೇತುವಿಗೆ ಒಂದು ಸುತ್ತು ಮುಗಿಯಲು ಸುಮಾರು 40 ಲಕ್ಷ ವರ್ಷ ಬೇಕು. ಆ ದೂರದಲ್ಲಿ ಸೂರ್ಯನನ್ನು ಗೋಳಾಕಾರವಾಗಿ ಕವಿದು ಹತ್ತು ಸಾವಿರ ಕೋಟಿ ಧೂಮಕೇತುಗಳ ಒಂದು ಮೋಡವಿದೆ. ಹತ್ತಿರ ಹಾದುಹೋಗುವ ನಕ್ಷತ್ರಗಳು ಅವನ್ನು ಅಲುಗಿಸುತ್ತವೆ. ಅಲುಗಿದವುಗಳಲ್ಲಿ ಕೆಲವು ಸೂರ್ಯನ ಕಡೆಗೆ ಬೀಳುತ್ತವೆ ಎಂದು ಊರ್ಟನು ಹೇಳಿದನು. ನಮ್ಮ ಆಕಾಶಗಂಗೆಯ ಒಟ್ಟು ಸೆಳೆತವೂ ಇದಕ್ಕೆ ಕಾರಣವೆಂದು ಈಗ ತಿಳಿದಿದೆ. ಈ ಮೋಡವನ್ನು ಯಾರೂ ಕಂಡಿಲ್ಲ. ಪಥಗಳ ಸಾಕ್ಷ್ಯವೊಂದರಿಂದಲೇ ಅದನ್ನು ನಂಬಿದ್ದೇವೆ.

ಆದರೆ ನೆಲೆಯೇ ಹುಟ್ಟಿದ ಊರೆಂದು ತಿಳಿಯಬಾರದು. ಅಷ್ಟು ದೂರದಲ್ಲಿ ಮುದ್ದೆಗಟ್ಟುವಷ್ಟು ದ್ರವ್ಯ ಸೇರಿರಲಾರದು. ಈ ಧೂಮಕೇತುಗಳು ಗುರು, ಶನಿ, ಯುರೇನಸ್, ನೆಪ್ಚೂನ್ ಇವುಗಳ ಪ್ರಾಂತದಲ್ಲಿ ಗ್ರಹಗಳೊಡನೆಯೇ ಹುಟ್ಟಿ, ಆ ಗ್ರಹಗಳಿಂದಲೇ ಹೊರಕ್ಕೆ ತಳ್ಳಲ್ಪಟ್ಟುವೆಂಬುದು ಈಗಿನ ಸಿದ್ಧಾಂತ. ತಳ್ಳಲ್ಪಟ್ಟವುಗಳಲ್ಲಿ ಬಹುಭಾಗ ಸೂರ್ಯನನ್ನು ಬಿಟ್ಟೇ ಹೋದುವು; ಅಂಚಿನಲ್ಲಿ ನಿಂತವು ಮೋಡವಾದುವು. ಅಲ್ಪಾವಧಿಯವುಗಳ ಕಥೆ ಬೇರೆ. ನೆಪ್ಚೂನಿನಾಚೆ ತಟ್ಟೆಯಾಕಾರದ ಪ್ರದೇಶವೊಂದಿರಬಹುದೆಂದು 1943ರಲ್ಲಿ ಎಡ್ಜ್‌ವರ್ತ್, 1951ರಲ್ಲಿ ಕೈಪರ್ ಬರೆದಿದ್ದರು. ಗುರುವಿನ ಪರಿವಾರಕ್ಕೆ ಮೂಲ ಅದೇ ಎಂದು 1980ರಲ್ಲಿ ಫರ್ನಾಂಡೆಸ್ ಗಣಿತದಿಂದ ವಾದಿಸಿದನು. ಗುಂಡಾದ ಮೋಡದಿಂದ ಬಂದಿದ್ದರೆ ಅವುಗಳ ಪಥಗಳು ಇಷ್ಟು ಚಪ್ಪಟೆಯಾಗಿರುತ್ತಿರಲಿಲ್ಲ. 1992ರಲ್ಲಿ ಜೂಯಿಟ್ ಮತ್ತು ಜೇನ್ ಲೂ ಹವಾಯಿ ದ್ವೀಪದಿಂದ ಆ ಪ್ರದೇಶದ ವಸ್ತುವೊಂದನ್ನು ಕಣ್ಣಿಂದಲೇ ಕಂಡರು. ಆಮೇಲೆ ಸಾವಿರಾರು ಸಿಕ್ಕಿವೆ. ಹೀಗೆ ಅತಿ ದೂರದಲ್ಲಿ ನೆಲಸಿರುವ ಧೂಮಕೇತುಗಳು ಹುಟ್ಟಿದ್ದು ಹತ್ತಿರದಲ್ಲಿ. ಹತ್ತಿರದಲ್ಲಿ ಸುಳಿದಾಡುವುವು ಹೊರಟದ್ದು ಗ್ರಹಮಂಡಲದ ಹೊರ ಅಂಚಿನಿಂದ. ಹ್ಯಾಲಿಯ ಕುಲದವು ಯಾವ ನೆಲೆಯಿಂದ ಬಂದುವೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಲಾಪ್ಲಾಸನ ಊಹೆಯೂ ಪೂರ್ತಿ ಹುಸಿಯಾಗಲಿಲ್ಲ. ನಮ್ಮ ಸೂರ್ಯನು ಕಳೆದುಕೊಂಡಂತೆ ಬೇರೆ ಸೂರ್ಯರೂ ತಮ್ಮ ಧೂಮಕೇತುಗಳನ್ನು ಕಳೆದುಕೊಂಡಿರಬೇಕಷ್ಟೆ. 2017ರಲ್ಲಿ ಹೊರಗಿನ ವಸ್ತುವೊಂದು ಮೊದಲ ಬಾರಿಗೆ ಗೊತ್ತಾಯಿತು. ಅದಕ್ಕೆ ಬಾಲ ಕಾಣಲಿಲ್ಲ. 2019ರ ಆಗಸ್ಟಿನಲ್ಲಿ ಕ್ರೈಮಿಯದ ಬೊರಿಸೊವ್ ಕಂಡದ್ದು ನಿಜವಾದ ಧೂಮಕೇತು. ಅದರ ಉತ್ಕೇಂದ್ರತೆ 3.36. 2025ರ ಜುಲೈ 1ರಂದು ಚಿಲಿ ದೇಶದ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಿದ ಇನ್ನೊಂದರದು ಆರಕ್ಕೂ ಮೇಲೆ. ಇಲ್ಲಿ ಸಂದೇಹಪಡಲು ಸಣ್ಣ ದಶಮಾಂಶವಲ್ಲ. ಗುರುವಿನ ಎಳೆತವೆಲ್ಲ ಸೇರಿದರೂ ಇಷ್ಟು ವೇಗ ಬಾರದು. ಅವು ಬೇರೆ ನಕ್ಷತ್ರಗಳ ಮಕ್ಕಳು. ಒಮ್ಮೆ ಬಂದು ಹೋಗುವುವು.

ಇಷ್ಟಾದಮೇಲೆ ವರಾಹಮಿಹಿರನ ಮಾತು ಎಷ್ಟರಮಟ್ಟಿಗೆ ಉಳಿಯಿತೆಂದು ಕೇಳಬಹುದು. ಹ್ಯಾಲಿಯ ಧೂಮಕೇತು 1910ರಲ್ಲಿಯೂ 1986ರಲ್ಲಿಯೂ ಹೇಳಿದ ಕಾಲಕ್ಕೆ ಬಂದಿತು. 2061ರ ಜುಲೈ ತಿಂಗಳಿನಲ್ಲಿ ಮತ್ತೆ ಸೂರ್ಯನ ಬಳಿಗೆ ಬರುವುದು. ಒಮ್ಮೆ ಪಥವನ್ನು ಅಳೆದುಕೊಂಡ ಧೂಮಕೇತುಗಳಿಗೆ ಅವನ ಮಾತು ಸಲ್ಲುವುದಿಲ್ಲ. ಊರ್ಟನ ಮೋಡದಿಂದ ಮೊದಲ ಬಾರಿಗೆ ಹೊರಟು ಲಕ್ಷಾಂತರ ವರ್ಷಗಳಿಂದ ನಮ್ಮ ಕಡೆಗೆ ಬರುತ್ತಿರುವ ಧೂಮಕೇತುವಿಗಾದರೋ ಆ ಮಾತು ಇಂದಿಗೂ ಸಲ್ಲುತ್ತದೆ. ಅದರ ಉದಯವನ್ನು ಯಾವ ಪಂಚಾಂಗವೂ ಮುಂದಾಗಿ ಬರೆಯಲಾರದು. ಆದರೆ ಅದು ಕಾಣಿಸಿದಮೇಲೆ ಕೆಲವು ವಾರಗಳ ವೇಧದಿಂದ ಅದರ ಪಥವನ್ನು ಬಿಡಿಸಿ, ಅದು ನಮ್ಮದೋ ಪರರದೋ, ಮರಳುವುದೋ ಇಲ್ಲವೋ ಎಂದು ಹೇಳಬಲ್ಲೆವು. ಅಷ್ಟು ತಿಳಿದ ವಸ್ತುವಿಗೆ ರಾಜರ ಮರಣವನ್ನೂ ಪ್ರಜೆಗಳ ಕ್ಷಾಮವನ್ನೂ ಕಟ್ಟಬೇಕಾದ ಅಗತ್ಯವಿಲ್ಲ.